ಪಂಜೆಯವರ ಕುಣಿಸುವ ಹಾಡು

ಎಳೆಯ ಮಕ್ಕಳ ಕುಣಿತಕ್ಕೆ ರಂಗವೂ ತೆರೆಯೂ ಬೇಕಿಲ್ಲವೆಂಬುದನ್ನು ಬಲ್ಲವರು ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874-1937). ‘ಕವಿಶಿಷ್ಯ’ರೆಂಬ ಹೆಸರಿನಲ್ಲಿ ಬರೆದ ಅವರು ಉಪಾಧ್ಯಾಯರೂ ಹೌದು, ಶಾಲಾ ಇನ್‌ಸ್ಪೆಕ್ಟರರೂ ಹೌದು. (ಇನ್‌ಸ್ಪೆಕ್ಟರರೆಂದರೆ ಮಕ್ಕಳಿರಲಿ, ಮೇಷ್ಟರೇ ನಡುಗುತ್ತಿದ್ದ ಕಾಲವದು!)

ಅವರ ನಾಗರಹಾವಿನ ಹಾಡನ್ನೇ ನೋಡಿ. ಅಲ್ಲಿ ಹಾವಿನ ವರ್ಣನೆಗಿಂತ ಹಾವಿನೊಡನೆ ಮಾತೇ ಹೆಚ್ಚು. ಕೈಮುಗಿದು ಕರೆಯಬೇಕು, ಹಾಲು ಕೊಡುವೆನೆನ್ನಬೇಕು, ಹೆಡೆ ಬಿಚ್ಚೆನ್ನಬೇಕು, ಕಡೆಗೆ ಹೋಗೆಂದು ಕಳುಹಬೇಕು. ನುಡಿನುಡಿಗೂ ಒಂದು ಅಭಿನಯ. ಹೇಳಿಕೊಡುವವರ ಅಂಗೈ ಹೆಡೆಯಾದರೆ ಸಾಕು, ಮೂರು ವರ್ಷದ ಕೂಸೂ ಆಟದೊಳಗೆ ಸೇರುತ್ತದೆ. ಸುಮ್ಮನೆ ನೋಡುವವರೇ ಉಳಿಯುವುದಿಲ್ಲ.

ನಮ್ಮ ರಾಜಾಜಿನಗರದ ಕಡೆಯ ಶಿಶುವಿಹಾರಗಳ ವಾರ್ಷಿಕೋತ್ಸವಗಳಲ್ಲಿ ಈಗ ಸಿನಿಮಾ ಹಾಡಿನ ಅಬ್ಬರವೇ ಜಾಸ್ತಿ. ಬಣ್ಣ ಬಳಿದು ನಿಲ್ಲಿಸಿದ ಮಕ್ಕಳು ಮರೆಯಲ್ಲಿ ಕೈಯಾಡಿಸುವ ಮಿಸ್ಸನ್ನೇ ನೋಡುತ್ತ ತಡವರಿಸುತ್ತಾರೆ. ಪಂಜೆಯವರ ಹಾವು ಬಂದ ದಿನ ಮಾತ್ರ ಮುಂದಿನ ಸಾಲಿನ ತಾಯಂದಿರ ಕೈಗಳೂ ಹೆಡೆಯೆತ್ತುತ್ತವೆ.