ಔಷಧದ ಲೆಕ್ಕ: ಸಿಂಕೋನಾದಿಂದ ಪಡ್ರೆಯವರೆಗೆ

ಪಿಎಚ್.ಡಿ.ಯ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಆರೋಗ್ಯ ಕೇಂದ್ರಗಳಿಂದ ಯಾವ ಔಷಧ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಹಲವು ವರ್ಷಗಳ ಅಂಕಿಗಳನ್ನು ಗ್ರಾಫಿಗೆ ಇಳಿಸಿದಾಗ ಪುತ್ತೂರಿನ ಗೆರೆ ಒಂದು ಕಡೆ ದಡಕ್ಕನೆ ಕೆಳಗೆ ಬಿತ್ತು. ಬಿಪಿ ಮಾತ್ರೆ, ಶುಗರ್ ಮಾತ್ರೆ, ಜ್ವರದ ಮಾತ್ರೆ ಎಲ್ಲವೂ ಒಟ್ಟಿಗೇ ಕಡಿಮೆ. ಎರಡು ದಿನ ಕಾರಣ ಹುಡುಕಿ ಒಂದು ಪುಟ ವಿಶ್ಲೇಷಣೆಯನ್ನೂ ಬರೆದೆ. ಅದನ್ನು ಓದಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ಕಡಬ ತಾಲೂಕು ಆದದ್ದು ಯಾವಾಗ?"

ಅಲ್ಲಿಗೆ ನನ್ನ ಪುಟ ಕಸದ ಬುಟ್ಟಿಗೆ ಹೋಯಿತು. ಜನ ಮಾತ್ರೆ ಬಿಟ್ಟಿರಲಿಲ್ಲ, ಅವರ ಊರುಗಳು ಬೇರೆ ತಾಲೂಕಿನ ಹೆಸರಿಗೆ ಸರಿದಿದ್ದವು ಅಷ್ಟೆ. ಅಂಕಿಗಳಿಗೂ ಒಂದು ಚರಿತ್ರೆ ಇರುತ್ತದೆ ಎಂದು ನನಗೆ ಹೊಳೆದದ್ದು ಅವತ್ತು. ಆಮೇಲೆ ನನ್ನ ಲೆಕ್ಕದ ಪೂರ್ವಜರನ್ನು ಹುಡುಕುತ್ತ ಹೋದೆ.

1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋದ ಮೇಲೂ ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಘಟ್ಟದ ಬುಡದ ಊರುಗಳಿಗೆ ಚಳಿಜ್ವರ ಹೊಸದಲ್ಲ. ಅದಕ್ಕೆ ಮದ್ದಾದ ಕ್ವಿನೈನ್ ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಬರುತ್ತಿತ್ತು, ಬೆಲೆಯೂ ದುಬಾರಿ. 1860ರ ಹೊತ್ತಿಗೆ ಬ್ರಿಟಿಷರು ಆ ಮರವನ್ನು ನೀಲಗಿರಿಗೆ ತಂದು ನೆಟ್ಟರು. ಆದರೆ ತೊಗಟೆಯಲ್ಲಿ ಕ್ವಿನೈನ್ ಜೊತೆಗೆ ಕ್ವಿನಿಡಿನ್, ಸಿಂಕೋನಿನ್, ಸಿಂಕೋನಿಡಿನ್ ಎಂಬ ಇನ್ನೂ ಮೂರು ಸಾರಗಳಿದ್ದವು. ಅವು ಜ್ವರ ಬಿಡಿಸುತ್ತವೆಯೇ? ಇದನ್ನು ಪರೀಕ್ಷಿಸಲು 1866ರಲ್ಲಿ ಮದ್ರಾಸಿನಲ್ಲಿ ಒಂದು ಆಯೋಗ ನೇಮಕವಾಯಿತು.

ಆ ಆಯೋಗದ ಕೋಷ್ಟಕ ನೋಡಿದಾಗ ನನ್ನದೇ ಲ್ಯಾಪ್‌ಟಾಪಿನ ಪರದೆ ನೋಡಿದ ಹಾಗಾಯಿತು. ಒಟ್ಟು 2,472 ರೋಗಿಗಳು. 846 ಮಂದಿಗೆ ಕ್ವಿನೈನ್, 664 ಮಂದಿಗೆ ಕ್ವಿನಿಡಿನ್, 559 ಮಂದಿಗೆ ಸಿಂಕೋನಿನ್, 403 ಮಂದಿಗೆ ಸಿಂಕೋನಿಡಿನ್. ಸಾವಿರಕ್ಕೆ ಎಷ್ಟು ಜನರಲ್ಲಿ ಮದ್ದು ಸೋತಿತು ಎಂದರೆ ಕ್ರಮವಾಗಿ 7, 6, 23, 10. ಕ್ವಿನೈನ್‌ಗೆ ಕ್ವಿನಿಡಿನ್ ಏನೂ ಕಡಿಮೆಯಿಲ್ಲ, ಸಿಂಕೋನಿಡಿನ್ ಹತ್ತಿರದಲ್ಲೇ ಇದೆ. ಕ್ವಿನೈನ್ ಒಂದನ್ನೇ ಕಾಯದೆ ಅಗ್ಗದ ಸಾರಗಳನ್ನೂ ಬಡವರಿಗೆ ಕೊಡಬಹುದು ಎಂಬ ವಾದಕ್ಕೆ ಈ ನಾಲ್ಕು ಅಂಕಿಗಳು ಬಲ ಕೊಟ್ಟವು. ಲೆಕ್ಕ ಸರಿಯಾಗಿದ್ದರೆ ಮದ್ದು ಬಡವನ ಮನೆಗೆ ಸ್ವಲ್ಪ ಹತ್ತಿರ ಬರುತ್ತದೆ. ನನ್ನ ಕೆಲಸದ ಮೇಲೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಅನುಮಾನ ಹುಟ್ಟಿದ್ದು ಮುಂದಿನ ಅಧ್ಯಾಯದಲ್ಲಿ. 1892ರಲ್ಲಿ ಬಂಗಾಳದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಯ ಕ್ವಿನೈನ್ ಪೊಟ್ಟಣ ಮಾರಾಟಕ್ಕೆ ಬಂತು. ಆ ಪದ್ಧತಿ ಬೇರೆ ಪ್ರಾಂತ್ಯಗಳಿಗೂ ಹಬ್ಬಿತು. ಮಾರಿದ ಪೊಟ್ಟಣಗಳ ಲೆಕ್ಕ ಸಿಗುತ್ತದೆ. ನುಂಗಿದ್ದು ಎಷ್ಟು, ಗೂಡಿನಲ್ಲಿ ಉಳಿದದ್ದು ಎಷ್ಟು, ಆ ಲೆಕ್ಕ ಯಾರ ಬಳಿಯೂ ಇಲ್ಲ.

ನನ್ನ ಅಂಕಿಗಳಿಗೂ ಇದೇ ಕಾಯಿಲೆ. ಔಷಧ ಬಳಕೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಮದ್ದಿಗೂ ದಿನಕ್ಕೆ ಇಷ್ಟು ಎಂಬ ಒಂದು ಮಾನಕ ಪ್ರಮಾಣ ಇಟ್ಟಿದೆ. ಶುಗರಿನ ಮೆಟ್‌ಫಾರ್ಮಿನ್‌ಗೆ ಅದು 2 ಗ್ರಾಂ. ಸುಳ್ಯದ ನನ್ನ ಅಜ್ಜಿಗೆ ವೈದ್ಯರು ಬರೆದದ್ದು 500 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಎರಡು. ಅಂದರೆ ನನ್ನ ಕೋಷ್ಟಕದಲ್ಲಿ ಅಜ್ಜಿ ಅರ್ಧ ಜನ. ಆಕೆ ತೆಗೆದುಕೊಳ್ಳುವುದೋ ಒಂದೇ. ಕೇಳಿದರೆ, "ಎರಡೆರಡು ತಿಂದ್ರೆ ತಿಂಗಳು ಮುಗಿಯುದರೊಳಗೆ ಖಾಲಿ ಆಗ್ತದೆ ಮಗಾ, ಮತ್ತೆ ಬಸ್ಸಲ್ಲಿ ಹೋಗುದು ಯಾರು?" ಎನ್ನುತ್ತಾಳೆ. ಅದೇ ಅಜ್ಜಿ ಆಟಿ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲು ಹಾಲೆ ಮರದ ತೊಗಟೆ ತರಿಸಿ, ರಸಕ್ಕೆ ಬೆಳ್ಳುಳ್ಳಿ, ಓಮ ಹಾಕಿ, ಕಾದ ಬಿಳಿಕಲ್ಲಿನ ಒಗ್ಗರಣೆ ಕೊಟ್ಟು ಮನೆಮಂದಿಗೆಲ್ಲ ಕುಡಿಸುತ್ತಾಳೆ. ತುಳುನಾಡಿನಲ್ಲಿ ಅದೊಂದು ಮುಂಜಾನೆ ಎಷ್ಟು ಮನೆಗಳಲ್ಲಿ ಮದ್ದು ಕುಡಿಯುತ್ತಾರೋ! ಯಾವ ರಿಜಿಸ್ಟರಿನಲ್ಲೂ ಅದು ಇಲ್ಲ.

ಇದನ್ನು ಬರೇ ಸ್ವಾರಸ್ಯ ಎಂದು ಬಿಡಬಹುದಿತ್ತು, ಪಕ್ಕದ ಪಡ್ರೆ ಇಲ್ಲದಿದ್ದರೆ. ಪುತ್ತೂರಿನಿಂದ ಗಡಿ ದಾಟಿದರೆ ಕಾಸರಗೋಡಿನ ಎಣ್ಮಕಜೆ ಪಂಚಾಯತು. ಪಡ್ರೆ ಇರುವುದು ಅಲ್ಲಿ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಮಕ್ಕಳಿಗೆ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಯಾಕೆ ಎಂದು ಕೇಳಿದ್ದು ದೊಡ್ಡ ಸಂಸ್ಥೆಯಲ್ಲ, ಅಲ್ಲೇ ಚಿಕಿತ್ಸೆ ಕೊಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. ಗಡಿಯ ಈಚೆಗೂ, ಬೆಳ್ತಂಗಡಿಯ ಕೊಕ್ಕಡದಿಂದ ನನ್ನ ಮೂರು ತಾಲೂಕುಗಳವರೆಗೂ, ಇದೇ ನೋವಿನ ಮನೆಗಳಿವೆ. ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು.

ಜಿಲ್ಲೆಯ ಸರಾಸರಿಯಲ್ಲಿ ಪಡ್ರೆಯಂಥ ಊರು ಕಾಣುವುದೇ ಇಲ್ಲ. ಅಪಸ್ಮಾರದ ಮಾತ್ರೆ ಒಂದು ಕೇಂದ್ರದಲ್ಲಿ ನಾಲ್ಕು ಪಟ್ಟು ಖರ್ಚಾದರೂ, ಇಡೀ ತಾಲೂಕಿಗೆ ಹಂಚಿದಾಗ ಗೆರೆ ಸಪಾಟಾಗುತ್ತದೆ. ಮೋಹನ್ ಕುಮಾರರಿಗೆ ಅದು ಕಂಡದ್ದು ಅವರಿಗೆ ಮನೆಗಳ ಗುರುತಿದ್ದುದರಿಂದ. ಈಗ ಪರಿಹಾರ, ಮಾಸಾಶನ ಎಲ್ಲದಕ್ಕೂ ಪಟ್ಟಿಯಲ್ಲಿ ಹೆಸರಿರಬೇಕು, ವೈಕಲ್ಯದ ಶೇಕಡಾವಾರು ಇರಬೇಕು. ಎಣಿಕೆಗೆ ಸಿಗದವರಿಗೆ ಏನೂ ಸಿಗುವುದಿಲ್ಲ.

ಹಾಗಾಗಿ ಈ ವರ್ಷ ನನ್ನ ಪದ್ಧತಿ ಬದಲಿಸಿದ್ದೇನೆ. ತಾಲೂಕಿನ ಮೊತ್ತ ಹಾಕುವ ಮೊದಲು ಪ್ರತಿ ಕೇಂದ್ರದ ಅಂಕಿಯನ್ನು ಬೇರೆಯಾಗಿ ನೋಡುತ್ತೇನೆ. ಎಲ್ಲಾದರೂ ಒಂದು ಮದ್ದು ಲೆಕ್ಕ ಮೀರಿ ಏರಿದ್ದರೆ ಅದನ್ನು ದೋಷವೆಂದು ಅಳಿಸದೆ, ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಬರುತ್ತೇನೆ. ಕೆಲಸ ನಿಧಾನವಾಗಿದೆ, ಪ್ರಬಂಧ ಇನ್ನೊಂದು ವರ್ಷ ಮುಂದಕ್ಕೆ ಹೋಗಬಹುದು. ಮುಂದಿನ ವಾರ ಕಡಬದ ಕಡೆಯ ಒಂದು ಉಪಕೇಂದ್ರಕ್ಕೆ ಹೋಗಬೇಕು. ಬರುವಾಗ ಸುಳ್ಯದಲ್ಲಿ ಇಳಿದು ಅಜ್ಜಿಯ ತಿಂಗಳ ಮಾತ್ರೆಯನ್ನೂ ತಂದುಕೊಡಬೇಕು, ಎರಡು ಹೊತ್ತಿಗೆ ಸಾಕಾಗುವಷ್ಟು.