ಆ ಕುದುರೆಗೆ ನೀರು ಎಲ್ಲಿ ಕುಡಿಸಿದ್ರಿ?

ಒಂದು ತಪ್ಪು ಒಪ್ಪಿಕೊಳ್ಳೋದಿದೆ. ಮೈಸೂರು ಒಡೆಯರು ಮತ್ತು ತೆರಕಣಾಂಬಿ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ಮಾತಿನ ಓಘದಲ್ಲಿ ಹೇಳಿಬಿಟ್ಟೆ: "ಶ್ರೀರಂಗಪಟ್ಟಣದಿಂದ ಹೊರಟ ಕುದುರೆಗಳು ಎರಡೇ ಗಂಟೆಯಲ್ಲಿ ತೆರಕಣಾಂಬಿ ಕೋಟೆಯ ಮುಂದೆ!" ಹಿನ್ನೆಲೆಯಲ್ಲಿ ಗೊರಸಿನ ಸದ್ದು, ಸ್ಕ್ರೀನ್ ತುಂಬಾ ಧೂಳು. ನನಗೇ ರೋಮಾಂಚನ.

ಕಾರ್ಯಕ್ರಮ ಮುಗಿದ ಮೇಲೆ ಆ ಕಡೆಯ ಅಜ್ಜರೊಬ್ಬರ ಫೋನ್ ಬಂತು. ಬೈಯಲಿಲ್ಲ, ರೇಗಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾ ಚೆನ್ನಾಗಿ ಹೇಳಿದ್ರಿ ಸ್ವಾಮಿ. ಆ ಕುದ್ರೆಗೆ ನೀರು ಎಲ್ಲಿ ಕುಡಿಸಿದ್ರಿ?"

ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಓದಿದವನು ನಾನು. ಒಂದು ಹಾರ್ಸ್‌ಪವರ್ ಅಂದ್ರೆ 746 ವ್ಯಾಟ್ ಅಂತ ನಿದ್ದೆಯಲ್ಲೂ ಹೇಳ್ತೀನಿ. ಆದರೆ ಕುದುರೆ ದಿನಕ್ಕೆ ಎಷ್ಟು ದೂರ ಹೋಗುತ್ತೆ ಅನ್ನೋದು ಗೊತ್ತಿರಲಿಲ್ಲ. ಅವತ್ತು ರಾತ್ರಿ ಪೆನ್ನು ಹಿಡಿದು ಕೂತೆ.

ದಾರಿ ನೋಡಿ. ಶ್ರೀರಂಗಪಟ್ಟಣ, ಮೈಸೂರು, ನಂಜನಗೂಡು, ಬೇಗೂರು, ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರದ ರಸ್ತೆಗೆ ತಿರುಗಿದರೆ ತೆರಕಣಾಂಬಿ. ಇವತ್ತಿನ ರಸ್ತೆಯಲ್ಲಿ ಹತ್ತಿರ ಹತ್ತಿರ 90 ಕಿಲೋಮೀಟರ್. ಕಾರಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಅಂದ್ರೆ ನಾನು ಮಾಡಿದ್ದೇನು? ನನ್ನ ಕಾರಿನ ಸ್ಪೀಡನ್ನು ತೆಗೆದು 400 ವರ್ಷದ ಹಿಂದಿನ ಕುದುರೆಗೆ ಕಟ್ಟಿದ್ದೆ!

ಕುದುರೆ ವೇಗವಾಗಿ ಓಡಲ್ವಾ? ಓಡುತ್ತೆ. ರೇಸಿನಲ್ಲಿ 2,400 ಮೀಟರನ್ನು ಸುಮಾರು ಎರಡೂವರೆ ನಿಮಿಷದಲ್ಲಿ ಮುಗಿಸುತ್ತೆ. ಗಂಟೆಗೆ 55 ಕಿಲೋಮೀಟರ್‌ಗೂ ಮೇಲೆ. ಆದರೆ ಆಮೇಲೆ? ಮೈಯೆಲ್ಲಾ ಬೆವರು, ಮೂಗಿನ ಹೊಳ್ಳೆ ಅರಳಿ ಏದುಸಿರು. ಆ ವೇಗ ಕೆಲವೇ ಕಿಲೋಮೀಟರ್‌ಗಳದ್ದು. ದೂರದ ದಾರಿಗೆ ಲೆಕ್ಕ ಬೇರೆ. ನಡಿಗೆಯಲ್ಲಿ ಗಂಟೆಗೆ 6-7 ಕಿಲೋಮೀಟರ್, ದುಡುಕಿ ಓಟದಲ್ಲಿ 12-15. ಮಧ್ಯೆ ಇಳಿಯಬೇಕು, ನೀರು ಕುಡಿಸಬೇಕು, ಮೇಯಲು ಬಿಡಬೇಕು. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಒಂದೇ ಸಲ ತುಂಬಿಸಿ ಹೊರಡೋಕೆ ಅದೇನು ಪೆಟ್ರೋಲ್ ಟ್ಯಾಂಕ್ ಅಲ್ಲ. ಇಷ್ಟೆಲ್ಲಾ ಕಳೆದರೆ ಸವಾರನನ್ನು ಹೊತ್ತ ಕುದುರೆಗೆ ದಿನಕ್ಕೆ 40ರಿಂದ 50 ಕಿಲೋಮೀಟರ್ ಸಲೀಸು. 60 ಅಂದ್ರೆ ಗಟ್ಟಿ ಪಯಣ.

ಒಂದೇ ದಿನ 160 ಕಿಲೋಮೀಟರ್ ಹೋದ ಕುದುರೆಗಳಿಲ್ವಾ? ಇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಟೆವಿಸ್ ಕಪ್ ಅಂತ ಒಂದು ಸ್ಪರ್ಧೆ ನಡೆಯುತ್ತೆ. 100 ಮೈಲಿ, 24 ಗಂಟೆ. ವರ್ಷಗಟ್ಟಲೆ ಪಳಗಿಸಿದ ಕುದುರೆಗಳು, ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ. ಆದರೂ ಸಾಮಾನ್ಯವಾಗಿ ಅರ್ಧಕ್ಕರ್ಧ ಕುದುರೆಗಳು ಕೊನೆ ಮುಟ್ಟಲ್ಲ. ಹಾಗಾಗಿ ನಿಜವಾದ ಪ್ರಶ್ನೆ ಇವತ್ತು ಎಷ್ಟು ದೂರ ಅನ್ನೋದಲ್ಲ. ನಾಳೆ ಬೆಳಗ್ಗೆ ಆ ಕುದುರೆ ಮತ್ತೆ ಎದ್ದು ನಿಲ್ಲುತ್ತಾ ಅನ್ನೋದು.

ಇದಕ್ಕೆ ನಮ್ಮದೇ ಇತಿಹಾಸದಲ್ಲಿ ಸಾಕ್ಷಿ ಇದೆ. 1769ರ ಮಾರ್ಚ್. ಹೈದರಾಲಿ ತನ್ನ ಫಿರಂಗಿಗಳನ್ನು ಬಿಟ್ಟು, ಆರಿಸಿದ 6,000 ಕುದುರೆ ಸವಾರರ ಜೊತೆ ಮದ್ರಾಸಿನ ಮೇಲೆ ನುಗ್ಗಿದ. ಮೂರೂವರೆ ದಿನದಲ್ಲಿ 130 ಮೈಲಿ. ಊರ ಬಾಗಿಲಿಗೇ ಬಂದು ನಿಂತಾಗ ಇಂಗ್ಲಿಷರು ಕಂಗಾಲು. ಏಪ್ರಿಲ್‌ನಲ್ಲಿ ಮದ್ರಾಸ್ ಒಪ್ಪಂದಕ್ಕೆ ಸಹಿ ಬಿತ್ತು. ಮಿಂಚಿನ ದಾಳಿ ಅಂತೀವಲ್ಲ, ಅದು ಇದೇ. ಈಗ ಭಾಗಾಕಾರ ಮಾಡಿ. ದಿನಕ್ಕೆ ಎಷ್ಟು ಬಂತು? ಸುಮಾರು 60 ಕಿಲೋಮೀಟರ್! ಮೈಸೂರಿನಿಂದ ಗುಂಡ್ಲುಪೇಟೆಗೆ ಇರೋ ದೂರ. ಕಂಪನಿ ಸರ್ಕಾರವನ್ನು ಬಗ್ಗಿಸಿದ ಮಿಂಚಿನ ವೇಗ ಇಷ್ಟೇ.

ಇನ್ನೂ ಒಂದು ವಿಷಯ ಕೇಳಿ. ಅದೇ ಹೈದರಾಲಿ ಮುಂದೆ ಚಿದಂಬರಂ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದನ್ನು ಬ್ರಿಟಿಷರೇ ಬೆರಗಿನಿಂದ ಬರೆದಿಟ್ಟಿದ್ದಾರೆ. ದಿನಕ್ಕೆ 64 ಕಿಲೋಮೀಟರ್. ಅದಕ್ಕೆ ಅವರು ಕೊಟ್ಟ ಕಾರಣ ಕುದುರೆ ಅಲ್ಲ, ಎತ್ತು! ನಮ್ಮ ಅಮೃತಮಹಲ್ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ತಳಿ. ದಿನಗಟ್ಟಲೆ ಎಳೆಯೋ ತಾಳಿಕೆ ಇದ್ದ ಪ್ರಾಣಿ ಕುದುರೆಯ ಲೆಕ್ಕವನ್ನೇ ಮೀರಿಸಿತ್ತು.

ಹಾಗಾದ್ರೆ ತುರ್ತು ಸುದ್ದಿ? ಅದಕ್ಕೆ ಉಪಾಯ ಬದಲಿ. ಅಮೆರಿಕದ ಪೋನಿ ಎಕ್ಸ್‌ಪ್ರೆಸ್ 1860ರಲ್ಲಿ 16-24 ಕಿಲೋಮೀಟರ್‌ಗೊಂದು ಹೊಸ ಕುದುರೆ ಕಟ್ಟಿ, ಸುಮಾರು 3,000 ಕಿಲೋಮೀಟರನ್ನು ಹತ್ತು ದಿನದಲ್ಲಿ ದಾಟಿಸಿತು. ಅದಕ್ಕೂ ಮೊದಲೇ ನಮ್ಮ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಕಟ್ಟಿದ್ದರು. ಅಲ್ಲಿ ಕುದುರೆಯೂ ಬೇಕಿರಲಿಲ್ಲ. ಓಡುವ ಮನುಷ್ಯನ ಕೈಯಿಂದ ಇನ್ನೊಬ್ಬನ ಕೈಗೆ ಚೀಲ. ಆ ಅಂಚೆಯವರು ಪತ್ರದ ಜೊತೆ ಸೀಮೆಯ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ನಮ್ಮ ವೃತ್ತಿಯ ಪೂರ್ವಜರು ಅನ್ನಿ.

ಈಗ ಮತ್ತೆ ತೆರಕಣಾಂಬಿಗೆ ಬನ್ನಿ. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಿದ್ದು 1610ರಲ್ಲಿ. ಮುಂದಿನ ಕೆಲವೇ ವರ್ಷಗಳಲ್ಲಿ ತೆರಕಣಾಂಬಿಯೂ ಮೈಸೂರಿನ ಕೈಗೆ ಬಂತು. ಆಗ ನಂಜನಗೂಡಿನಲ್ಲಿ ಕಪಿಲೆಗೆ ಸೇತುವೆ ಇರಲಿಲ್ಲ. ಅದು ಕಟ್ಟಿದ್ದು 1735ರಲ್ಲಿ, ದಳವಾಯಿ ದೇವರಾಜಯ್ಯನವರ ಕಾಲಕ್ಕೆ. ಹೊರಡುವಾಗಲೇ ಕಾವೇರಿ, ಮುಂದೆ ಕಪಿಲೆ. ಎರಡು ಹೊಳೆ, 90 ಕಿಲೋಮೀಟರ್. ಒಂದು ಪಡೆ ಎಷ್ಟೇ ಅವಸರ ಮಾಡಿದರೂ ದಾರಿಯಲ್ಲಿ ಒಂದು ರಾತ್ರಿ ತಂಗಲೇಬೇಕು.

ಇದು ಬರೀ ಪ್ರಯಾಣದ ಲೆಕ್ಕ ಅಲ್ಲ. ತೆರಕಣಾಂಬಿ ಕೋಟೆಗೆ ಶತ್ರು ಬಂದ ಅಂದುಕೊಳ್ಳಿ. ಸುದ್ದಿ ರಾಜಧಾನಿ ಮುಟ್ಟೋಕೆ ಒಂದು ದಿನ, ದಂಡು ಹೊರಟು ಬರೋಕೆ ಎರಡು ದಿನ. ಹೊಳೆ ತುಂಬಿದ್ದರೆ ಇನ್ನೆಷ್ಟೋ. ಅಲ್ಲಿಯವರೆಗೆ ಒಳಗಿದ್ದ ಜನ ತಮ್ಮ ಕಣಜ, ತಮ್ಮ ಬಾವಿ, ತಮ್ಮ ಗೋಡೆ ನಂಬಿ ಕಾಯಬೇಕು. ನನ್ನ ಎರಡು ಗಂಟೆಯ ಕುದುರೆ ಆ ಮೂರು ದಿನದ ಭಯವನ್ನೇ ಅಳಿಸಿಹಾಕಿತ್ತು. ಗೆದ್ದವರ ಗೊರಸಿನ ಸದ್ದು ಹಾಕಿದೆ. ಕಾದವರನ್ನು ಮರೆತೆ.

ಮುಂದಿನ ವಾರ ಆ ತಪ್ಪನ್ನು ಅದೇ ಕಾರ್ಯಕ್ರಮದಲ್ಲಿ ತಿದ್ದಿ ಹೇಳಿದೆ. ಮ್ಯೂಸಿಕ್ ಬೇಡ ಅಂದೆ. ಅಜ್ಜನ ಪ್ರಶ್ನೆಗೂ ಉತ್ತರ ಕೊಟ್ಟೆ: ನಂಜನಗೂಡಿನಲ್ಲಿ ಅಜ್ಜ, ಕಪಿಲೆಯಲ್ಲಿ ಕುಡಿಸಿದ್ವಿ. ಆಮೇಲೆ ಅವತ್ತಿಗೆ ಜೀನು ಬಿಚ್ಚಿದ್ವಿ.