ಉಲ್ಲೇಖದ ಎಣಿಕೆ ಮತ್ತು ವಿಜ್ಞಾನದ ಚರಿತ್ರೆ: ಮುರಾಶಿಗೆ–ಸ್ಕೂಗ್ ಪ್ರಬಂಧದ ಒಂದು ಅವಲೋಕನ

ವಿಜ್ಞಾನಿಯೊಬ್ಬರ ಪ್ರಬಂಧಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಿಂದ ಅವರ ಸಾಧನೆಯನ್ನು ಅಳೆಯುವ ಪದ್ಧತಿ ಬಹಳ ಹಳೆಯದೇನಲ್ಲ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಹೊರತಂದ ವಿಜ್ಞಾನ ಉಲ್ಲೇಖ ಸೂಚಿಯ ಮುಖ್ಯ ಉದ್ದೇಶ ಪೂರ್ವ ಸಂಶೋಧನೆಗಳನ್ನು ಹುಡುಕಲು ನೆರವಾಗುವುದಾಗಿತ್ತು. ಕಾಲಕ್ರಮದಲ್ಲಿ ಆ ಸೂಚಿಯೇ ವಿಜ್ಞಾನಿಗಳನ್ನು ತೂಗುವ ತಕ್ಕಡಿಯಾಯಿತು. ಈ ತಕ್ಕಡಿ ಏನನ್ನು ತೂಗುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಸಸ್ಯ ಜೀವಕೋಶ ವಿಜ್ಞಾನದ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಸ್ಯದ ಒಂದೊಂದು ಜೀವಕೋಶವನ್ನೂ ಬೇರ್ಪಡಿಸಿ ಬೆಳೆಸಬಹುದು ಎಂಬ ಕಲ್ಪನೆಯನ್ನು 1902ರಲ್ಲಿ ಮುಂದಿಟ್ಟವನು ಆಸ್ಟ್ರಿಯಾದ ಗಾಟ್ಲೀಬ್ ಹ್ಯಾಬರ್‌ಲಾಂಟ್. ಅವನು ಬೇರ್ಪಡಿಸಿದ ಕೋಶಗಳು ಕೆಲವು ವಾರ ಬದುಕಿದವೇ ಹೊರತು ವಿಭಜನೆಗೊಳ್ಳಲಿಲ್ಲ. ಪ್ರಯೋಗ ಸೋತಿತು, ಕಲ್ಪನೆ ಉಳಿಯಿತು. 1930ರ ದಶಕದಲ್ಲಿ ಅಮೆರಿಕದ ಫಿಲಿಪ್ ವೈಟ್, ಫ್ರಾನ್ಸಿನ ಗೋತ್ರೆ ಮತ್ತು ನೊಬೆಕೂರ್ ಸಸ್ಯಾಂಗಾಂಶವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವುದರಲ್ಲಿ ಯಶಸ್ವಿಯಾದರು. ಆದರೆ ಬೆಳವಣಿಗೆ ನಿಧಾನವಾಗಿತ್ತು.

ಸ್ವೀಡನ್ನಿನಲ್ಲಿ ಜನಿಸಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ಫೋಕೆ ಸ್ಕೂಗ್ ಅವರ ಪ್ರಯೋಗಶಾಲೆ ಈ ಘಟ್ಟದಲ್ಲಿ ಮುಖ್ಯವಾಗುತ್ತದೆ. 1955ರಲ್ಲಿ ಕಾರ್ಲೋಸ್ ಮಿಲ್ಲರ್, ಸ್ಕೂಗ್ ಮತ್ತು ಸಹೋದ್ಯೋಗಿಗಳು ಕೋಶವಿಭಜನೆಯನ್ನು ಪ್ರಚೋದಿಸುವ ಕೈನೆಟಿನ್ ಎಂಬ ವಸ್ತುವನ್ನು ಗುರುತಿಸಿದರು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಇನ್ನೂ ಮುಂದೆ ಹೋಗಿ, ಆಕ್ಸಿನ್ ಹೆಚ್ಚಿದ್ದರೆ ಬೇರು, ಕೈನೆಟಿನ್ ಹೆಚ್ಚಿದ್ದರೆ ಚಿಗುರು, ಎರಡೂ ಸಮತೂಕದಲ್ಲಿದ್ದರೆ ರೂಪವಿಲ್ಲದ ಅಂಗಾಂಶದ ಮುದ್ದೆ ಬೆಳೆಯುತ್ತದೆ ಎಂದು ತಂಬಾಕಿನ ಅಂಗಾಂಶದಲ್ಲಿ ತೋರಿಸಿದರು. ಸಸ್ಯದ ಅಂಗಗಳು ರೂಪುಗೊಳ್ಳುವ ಬಗೆಯನ್ನು ಕುರಿತ ಮೂಲಭೂತ ತಿಳಿವು ಇದು.

ಇದೇ ಪ್ರಯೋಗಶಾಲೆಯಲ್ಲಿ ಹವಾಯಿ ದ್ವೀಪದಿಂದ ಬಂದ ತೋಶಿಯೊ ಮುರಾಶಿಗೆ ಎಂಬ ಯುವ ಸಂಶೋಧಕರು ತಂಬಾಕಿನ ಎಲೆಯ ಸಾರವನ್ನು ಬೆರೆಸಿದಾಗ ಅಂಗಾಂಶ ಹಲವು ಪಟ್ಟು ವೇಗವಾಗಿ ಬೆಳೆಯುವುದಕ್ಕೆ ಕಾರಣವನ್ನು ಅರಸುತ್ತಿದ್ದರು. ಅಜ್ಞಾತವಾದ ಹಾರ್ಮೋನೊಂದು ಸಿಕ್ಕೀತು ಎಂಬುದು ನಿರೀಕ್ಷೆ. ಆದರೆ ಪರಿಣಾಮದ ಬಹುಭಾಗಕ್ಕೆ ಕಾರಣ ಆ ಸಾರದಲ್ಲಿದ್ದ ಸಾಮಾನ್ಯ ಲವಣಗಳು, ಅದರಲ್ಲಿಯೂ ಸಾರಜನಕ ಮತ್ತು ಪೊಟ್ಯಾಸಿಯಂ ಎಂದು ತಿಳಿದುಬಂತು. ಹಿಂದಿನ ಮಾಧ್ಯಮಗಳಲ್ಲಿ ಇವು ಸಾಲದಷ್ಟಿದ್ದವು. ಲೀಟರಿಗೆ 1,650 ಮಿಲಿಗ್ರಾಂ ಅಮೋನಿಯಂ ನೈಟ್ರೇಟ್, 1,900 ಮಿಲಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಮುಂತಾಗಿ ಅವರು ನಿಗದಿಪಡಿಸಿದ ಪ್ರಮಾಣಗಳು 1962ರಲ್ಲಿ 'ಫಿಸಿಯಾಲಜಿಯ ಪ್ಲಾಂಟಾರಮ್' ಪತ್ರಿಕೆಯಲ್ಲಿ ಪ್ರಕಟವಾದವು. ಇದೇ ಎಂ.ಎಸ್. ಮಾಧ್ಯಮ. ಹತ್ತಾರು ಸಾವಿರ ಉಲ್ಲೇಖಗಳನ್ನು ಪಡೆದ ಈ ಪ್ರಬಂಧ ಸಸ್ಯವಿಜ್ಞಾನದಲ್ಲಿ ಅತ್ಯಂತ ಹೆಚ್ಚು ಉಲ್ಲೇಖಿತವಾದವುಗಳ ಸಾಲಿನಲ್ಲಿದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ತಾತ್ತ್ವಿಕವಾಗಿ ಹಿರಿದಾದ 1957ರ ಪ್ರಬಂಧಕ್ಕಿಂತ ಪಾಕಸೂತ್ರದಂತಿರುವ 1962ರ ಪ್ರಬಂಧವೇ ಹೆಚ್ಚು ಉಲ್ಲೇಖಿತವಾಗಿದೆ. ಕಾರಣ ಸರಳ: ವಿಚಾರವನ್ನು ಒಪ್ಪಿದವರು ಅದನ್ನು ತಮ್ಮದಾಗಿಸಿಕೊಳ್ಳುತ್ತಾರೆ, ಸಾಧನವನ್ನು ಬಳಸಿದವರು ಅದರ ಹೆಸರು ಹೇಳಲೇಬೇಕಾಗುತ್ತದೆ. ಎರಡನೆಯದಾಗಿ, ಬಳಕೆ ಅತಿಯಾದಾಗ ಆ ಹೆಸರೂ ಅಳಿಯುತ್ತದೆ. ಸಿದ್ಧ ಪುಡಿಯಾಗಿ ಮಾರಾಟವಾಗುವ ಎಂ.ಎಸ್. ಮಾಧ್ಯಮವನ್ನು ಮೂಲ ಪ್ರಬಂಧದ ಪ್ರಸ್ತಾಪವಿಲ್ಲದೆಯೇ ಬಳಸುವುದುಂಟು. ಜ್ಞಾನ ಸರ್ವಸಮ್ಮತವಾದಂತೆ ಅದರ ಕರ್ತೃ ಮರೆಯಾಗುವ ಈ ವಿದ್ಯಮಾನವನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಇನ್ನು 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಸೂಚಿಸಿದ ಎಚ್-ಸೂಚ್ಯಂಕವಂತೂ ಇಂತಹ ಪ್ರಬಂಧಕ್ಕೆ ನೀಡುವುದು ಒಂದೇ ಅಂಕ. ಹತ್ತು ಪ್ರಬಂಧಗಳಿಗೆ ತಲಾ ಹತ್ತು ಉಲ್ಲೇಖ ಪಡೆದವರ ಸೂಚ್ಯಂಕ ಹತ್ತಾಗುತ್ತದೆ. ಒಂದೇ ಪ್ರಬಂಧ ಬರೆದು ಹತ್ತು ಸಾವಿರ ಉಲ್ಲೇಖ ಪಡೆದವರ ಸೂಚ್ಯಂಕ ಒಂದರಲ್ಲಿಯೇ ನಿಲ್ಲುತ್ತದೆ.

ಭಾರತದ ನಿದರ್ಶನವೂ ಇದೆ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ಅವರು ದತ್ತೂರಿಯ ಪರಾಗಕೋಶವನ್ನು ಬೆಳೆಸಿ, ಪರಾಗದಿಂದಲೇ ಭ್ರೂಣಗಳು ಮೂಡುವುದನ್ನು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಶುದ್ಧ ತಳಿಗಳನ್ನು ಹಲವು ಪೀಳಿಗೆಗಳ ಬದಲು ಒಮ್ಮೆಗೇ ಪಡೆಯುವ ಮಾರ್ಗ ಇದರಿಂದ ತೆರೆಯಿತು. ಭತ್ತ, ಗೋಧಿಗಳ ತಳಿ ಅಭಿವೃದ್ಧಿಯಲ್ಲಿ ಈ ವಿಧಾನ ಪ್ರಪಂಚದಾದ್ಯಂತ ನೆರವಾಗಿದೆ. ಆದರೆ ಹೊಸ ತಳಿಯನ್ನು ಬಿತ್ತುವ ರೈತ ಪ್ರಬಂಧ ಬರೆಯುವುದಿಲ್ಲ.

ಕರ್ನಾಟಕದ ಬಾಳೆ ಬೆಳೆಗಾರರಿಗೆ 'ಟಿಶ್ಯೂ ಕಲ್ಚರ್ ಸಸಿ' ಎಂಬ ಮಾತು ಚಿರಪರಿಚಿತ. ರೋಗರಹಿತವೂ ಏಕರೂಪವೂ ಆದ ಆ ಸಸಿಗಳ ಹಿಂದೆ 1957ರ ಅನುಪಾತವೂ 1962ರ ಲವಣಗಳೂ ಇವೆ. ಆ ತೋಟಗಳು ಯಾವ ಉಲ್ಲೇಖ ಸೂಚಿಯಲ್ಲಿಯೂ ದಾಖಲಾಗಿಲ್ಲ. ಸಂಶೋಧಕರ ನೇಮಕ, ಬಡ್ತಿಗಳನ್ನು ಅಂಕಿಗಳ ಮೇಲೆಯೇ ನಿರ್ಧರಿಸುವ ಸಂಸ್ಥೆಗಳು ಈ ಚರಿತ್ರೆಯನ್ನು ನೆನಪಿನಲ್ಲಿಡಬೇಕು. ಉಲ್ಲೇಖದ ಸಂಖ್ಯೆ ಒಂದು ಪ್ರಬಂಧ ಎಷ್ಟು ಕೈಗಳನ್ನು ತಲುಪಿತು ಎಂಬುದನ್ನು ಹೇಳಬಲ್ಲದು. ಅದು ಏನನ್ನು ಬದಲಿಸಿತು ಎಂಬುದನ್ನು ತಿಳಿಯಲು ಪ್ರಬಂಧವನ್ನು ಓದಲೇಬೇಕು.